ತೋಟಾ ತುಂಬುವ ಒತ್ತುಯಂತ್ರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗುರಿ ಹೊಡೆಯುವುದನ್ನೋ ಬೇಟೆಯನ್ನೋ ಹವ್ಯಾಸವಾಗಿ ಇರಿಸಿಕೊಂಡವರು ಅನೇಕರು. ಅವರಲ್ಲಿ ಕೆಲವರ ಮನೆಯ ನೆಲಮಾಳಿಗೆಯಲ್ಲಿಯೋ ಕಾರು ನಿಲ್ಲಿಸುವ ಕೋಣೆಯಲ್ಲಿಯೋ ದಪ್ಪ ಹಲಗೆಯ ಮೇಜೊಂದಿದ್ದು, ಅದರ ಅಂಚಿಗೆ ಲೋಹದ ಯಂತ್ರವೊಂದನ್ನು ಬಿಗಿದಿರುವುದನ್ನು ಕಾಣಬಹುದು. ಒಂದು ಮೊಳದ ಆಸುಪಾಸಿನ ಎತ್ತರ, ಪಕ್ಕದಲ್ಲಿ ಉದ್ದನೆಯ ಹಿಡಿಕೋಲು. ಮೊದಲ ನೋಟಕ್ಕೆ ಇದು ಶಾವಿಗೆ ಒತ್ತುವ ಒರಳಿನ ದೂರದ ನೆಂಟನಂತೆ ತೋರಿದರೆ ಆಶ್ಚರ್ಯವಿಲ್ಲ. ಒಮ್ಮೆ ಹಾರಿಸಿ ಖಾಲಿಯಾದ ತೋಟಾಗಳನ್ನು ಮತ್ತೆ ತುಂಬಿ ಬಳಕೆಗೆ ತರುವುದು ಈ ಯಂತ್ರದ ಕೆಲಸ. ಇವುಗಳಲ್ಲಿ ಬಗೆಗಳು ಹಲವು. ಯಾವುದನ್ನು ಕೊಳ್ಳಬೇಕೆಂಬ ಚರ್ಚೆ ಆ ಹವ್ಯಾಸಿಗಳಲ್ಲಿ ಮುಗಿಯುವುದೇ ಇಲ್ಲ. ಚರ್ಚೆ ಸಾಮಾನ್ಯವಾಗಿ ಎರಡು ಮಾತುಗಳ ಸುತ್ತಲೇ ತಿರುಗುವುದು: ಯಂತ್ರವು ಎಷ್ಟು ಬಲವಾದುದು? ಗಂಟೆಗೆ ಎಷ್ಟು ತೋಟಾಗಳನ್ನು ಕೊಡಬಲ್ಲುದು? ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆಯೆಂದು ನಮಗೆ ತೋರುತ್ತದೆ. ಕೆಲಸದ ನಡುವೆ ಏನಾದರೂ ಕೆಟ್ಟರೆ, ಅದನ್ನು ಯಂತ್ರವು ಕೈಗೂ ಕಣ್ಣಿಗೂ ತಿಳಿಯಗೊಡುವುದೋ, ಇಲ್ಲವೋ? ಈ ಪ್ರಶ್ನೆಯ ಉತ್ತರ ಸನ್ನೆಗೋಲಿನ ನಿಯಮದಲ್ಲಿಯೂ ಹಿತ್ತಾಳೆಯ ಗುಣದಲ್ಲಿಯೂ ಅಡಗಿರುವುದರಿಂದ ವಿಜ್ಞಾನದ ಓದುಗರಿಗೆ ಇದು ರುಚಿಸಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ದೇಶದಲ್ಲಿ ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದ ಮೇರೆಗೆ ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದುದೇ ಹೊರತು ತೋಟಾ ತಯಾರಿಸುವುದಕ್ಕಲ್ಲ. ಆದುದರಿಂದ ಮುಂದಿನದೆಲ್ಲ ಅದು ಕಾನೂನಿಗೆ ಒಳಪಟ್ಟು ನಡೆಯುವ ಅಮೆರಿಕದ ಮಾತೆಂದೇ ತಿಳಿಯಬೇಕು.

ತೋಟಾದ ರಚನೆ

ಮಲೆನಾಡು, ಕೊಡಗುಗಳ ಕಡೆ ಕೇಪಿನ ಕೋವಿಯನ್ನು ಕಂಡವರಿಗೆ ತೋಟಾದ ರಚನೆಯನ್ನು ವಿವರಿಸುವುದು ಸುಲಭ. ಕೇಪಿನ ಕೋವಿಯಲ್ಲಿ ಪ್ರತಿಯೊಂದು ಈಡಿಗೂ ನಳಿಗೆಯ ಬಾಯಿಂದ ಮದ್ದು ಸುರಿದು, ಅದರ ಮೇಲೆ ಗುಂಡನ್ನೋ ಚರೆಯನ್ನೋ ಹಾಕಿ ಗಜದಿಂದ ಜಡಿದು, ಕೊನೆಗೆ ಹಿಂಬದಿಯಲ್ಲಿ ಕೇಪನ್ನು ಇಡಬೇಕು. ತೋಟಾ ಎಂದರೆ ಈ ಸರಕನ್ನೆಲ್ಲ ಒಂದೇ ಕೋಶದಲ್ಲಿ ಕಟ್ಟಿಟ್ಟ ಬುತ್ತಿ. ರೈಫಲು, ಪಿಸ್ತೂಲುಗಳ ತೋಟಾದಲ್ಲಿ ಕೋಶವು ಹಿತ್ತಾಳೆಯದು. ನೂರರಲ್ಲಿ ಸುಮಾರು ೭೦ ಪಾಲು ತಾಮ್ರ, ೩೦ ಪಾಲು ಸತು. ಕೋಶದ ತಳದಲ್ಲಿ ಕೇಪು, ಒಡಲಲ್ಲಿ ಮದ್ದು, ಬಾಯಲ್ಲಿ ಗುಂಡು. ಒಮ್ಮೆ ಹಾರಿಸಿದರೆ ಕೇಪು, ಮದ್ದು, ಗುಂಡು ಮೂರೂ ತೀರಿಹೋಗುವುವು, ಉಳಿಯುವುದು ಕೋಶವೊಂದೇ. ಈ ನಾಲ್ಕರಲ್ಲಿ ತಯಾರಿಸಲು ಹೆಚ್ಚು ಶ್ರಮ ಬೇಡುವುದು, ಸಾಮಾನ್ಯವಾಗಿ ಹೆಚ್ಚು ಬೆಲೆ ಬಾಳುವುದು ಈ ಕೋಶವೇ. ಉಳಿದುದನ್ನು ಮತ್ತೆ ಬಳಸುವ ಆಸೆ ಹುಟ್ಟಿದ್ದು ಸಹಜ.

ಆದರೆ ಉಳಿದ ಕೋಶವು ಮೊದಲಿನ ಕೋಶವಲ್ಲ. ಕೋವಿಯ ಕುದುರೆ ಬಿದ್ದು ಕೇಪು ಸಿಡಿದಾಗ ಮದ್ದು ಉರಿದು ಅನಿಲವಾಗುವುದು. ದೊಡ್ಡ ರೈಫಲುಗಳಲ್ಲಿ ಈ ಅನಿಲದ ಒತ್ತಡ ಚದರ ಅಂಗುಲಕ್ಕೆ ೬೦,೦೦೦ ಪೌಂಡಿನವರೆಗೆ, ಎಂದರೆ ನಮ್ಮ ಸುತ್ತಣ ವಾಯುಮಂಡಲದ ಒತ್ತಡದ ಸುಮಾರು ೪,೦೦೦ ಪಟ್ಟು, ಏರಬಹುದು. ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ನಳಿಗೆಯ ಹಿಂಬದಿಯ ಗೂಡಿನ ಗೋಡೆಗೆ ಅಂಟಿಕೊಂಡು, ಅನಿಲವು ಹಿಂದಕ್ಕೆ ಸೋರದಂತೆ ಬಿರಡೆಯಾಗಿ ನಿಲ್ಲುವುದು. ಗುಂಡು ಹೊರಟು ಒತ್ತಡ ಇಳಿದೊಡನೆ ಹಿತ್ತಾಳೆ ತನ್ನ ಸ್ಥಿತಿಸ್ಥಾಪಕ ಗುಣದಿಂದ ಕೂದಲೆಳೆಯಷ್ಟು ಒಳಸರಿಯುವುದರಿಂದ ಕೋಶವನ್ನು ಹೊರಗೆಳೆಯಲು ಆಗುವುದು. ಹಾಗೆ ಸರಿದರೂ ಅದು ಹಳೆಯ ಗಾತ್ರಕ್ಕೆ ಮರಳುವುದಿಲ್ಲ; ಬಾಯಿ ಹಿಗ್ಗಿರುವುದು, ಒಡಲು ದಪ್ಪಗಾಗಿರುವುದು. ಮತ್ತೆ ತುಂಬುವ ಮುನ್ನ ಅದನ್ನು ಗಟ್ಟಿ ಉಕ್ಕಿನ ಅಚ್ಚಿನೊಳಕ್ಕೆ ತಳ್ಳಿ ಹಿಸುಕಿ ಕಿರಿದಾಗಿಸಬೇಕು. ಒತ್ತುಯಂತ್ರದ ಬಲವೆಲ್ಲ ವ್ಯಯವಾಗುವುದು ಮುಖ್ಯವಾಗಿ ಈ ಒಂದು ಕೆಲಸಕ್ಕೆ. ಹಳೆಯ ಕೇಪನ್ನು ಹೊರದೂಡುವುದು, ಹೊಸದನ್ನು ಕೂರಿಸುವುದು, ಗುಂಡನ್ನು ಬಾಯಿಗೆ ಒತ್ತುವುದು, ಇವು ಹಗುರವಾದ ಕೆಲಸಗಳು.

ಹಳೆಯ ಕೇಪನ್ನು ಹೊರದೂಡುವ ವಿಷಯದಲ್ಲಿ ಒಂದು ತಮಾಷೆಯ ಇತಿಹಾಸವುಂಟು. ೧೮೬೬ರಲ್ಲಿ ಇಂಗ್ಲೆಂಡಿನ ಕರ್ನಲ್ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಮ್ ಬರ್ಡನ್ ಇಬ್ಬರೂ ಬೇರೆ ಬೇರೆಯಾಗಿ ಕೇಪಿನ ರಚನೆಗಳಿಗೆ ಹಕ್ಕುಪತ್ರ ಪಡೆದರು. ಬಾಕ್ಸರನ ಬಗೆಯಲ್ಲಿ ಕೋಶದ ತಳದ ನಡುವೆ ಒಂದೇ ತೂತು. ಬರ್ಡನನ ಬಗೆಯಲ್ಲಿ ನಡುವೆ ಪುಟ್ಟ ಅಡಿಗಲ್ಲಿನಂತಹ ಉಬ್ಬಿದ್ದು, ಅದರ ಅಕ್ಕಪಕ್ಕದಲ್ಲಿ ಸಣ್ಣ ತೂತುಗಳು. ನಡುವೆ ತೂತಿದ್ದರೆ ಅಚ್ಚಿಗೆ ಸೇರಿಸಿದ ಒಂದು ಮೊಳೆಯೇ ಕೋಶದ ಒಳಗಿಂದ ಇಳಿದು ಹಳೆಯ ಕೇಪನ್ನು ತಳ್ಳಿಬಿಡುವುದು. ಪಕ್ಕದಲ್ಲಿದ್ದರೆ ಮೊಳೆಯು ಅಡಿಗಲ್ಲಿಗೆ ಬಡಿದು ಮುರಿಯುವುದು. ವಿಚಿತ್ರವೆಂದರೆ, ಅಮೆರಿಕದವನ ಬಗೆ ಯೂರೋಪಿನಲ್ಲಿ ನೆಲೆಗೊಂಡಿತು, ಇಂಗ್ಲಿಷಿನವನ ಬಗೆ ಅಮೆರಿಕದಲ್ಲಿ. ಮನೆಯಲ್ಲಿ ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಅಷ್ಟೊಂದು ಹರಡುವುದಕ್ಕೆ ಈ ಒಂದು ತೂತೂ ಕಾರಣವಾಯಿತೆಂದರೆ ತಪ್ಪಾಗಲಾರದು.

ಅಡಕತ್ತರಿಯಿಂದ ಒತ್ತುಯಂತ್ರಕ್ಕೆ

ಮೊದಮೊದಲಿನ ಸಾಧನಗಳು ಬಹಳ ಸರಳವಾದುವು. ೧೮೭೦ರ ದಶಕದಲ್ಲಿ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದವರು ಬಿಡಾರದಲ್ಲಿ ಕುಳಿತು ಕೈಸಾಧನಗಳಿಂದಲೇ ಕೋಶಗಳನ್ನು ತುಂಬಿಕೊಳ್ಳುತ್ತಿದ್ದರು. ೧೮೮೪ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಜಾನ್ ಬಾರ್ಲೋ ಆರಂಭಿಸಿದ ‘ಐಡಿಯಲ್’ ಸಂಸ್ಥೆಯ ಇಕ್ಕಳ ಹೆಸರುವಾಸಿಯಾಯಿತು. ನಮ್ಮ ಅಡಕತ್ತರಿಯಂತೆ ಎರಡು ಹಿಡಿಗಳನ್ನು ಅಮುಕಿದರೆ ನಡುವಿನ ಅಚ್ಚು ಕೆಲಸ ಮಾಡುವುದು. ಮುಷ್ಟಿಯ ಬಲ ಎಷ್ಟೋ ಅಷ್ಟು. ಕೋಶದ ಬಾಯನ್ನು ಕಿರಿದಾಗಿಸಲು ಅದು ಸಾಕು, ದೊಡ್ಡ ಕೋಶದ ಇಡೀ ಒಡಲನ್ನು ಹಿಸುಕಲು ಸಾಲದು. ೧೯೫೮ರಲ್ಲಿ ವಿಸ್ಕಾನ್ಸಿನ್ನಿನ ರಿಚರ್ಡ್ ಲೀ ಹೊರತಂದ ಅಗ್ಗದ ಸಾಧನದ ಮಾದರಿಯದರಲ್ಲಿ ಇನ್ನೂ ಸರಳವಾದ ಉಪಾಯ: ಕೋಶವನ್ನು ಅಚ್ಚಿನೊಳಕ್ಕೆ ಸುತ್ತಿಗೆಯಿಂದ ಬಡಿದು ಇಳಿಸುವುದು. ಮೇಜೂ ಬೇಡ, ಯಂತ್ರವೂ ಬೇಡ. ಈಗಲೂ ಇದನ್ನು ಮೆಚ್ಚಿ ಬಳಸುವ ಬೇಟೆಗಾರರುಂಟು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹವ್ಯಾಸಿಗಳಿಗೆ ಗುಂಡು ಸಿಗುವುದು ಕಷ್ಟವಾಯಿತು. ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್‌ಟನ್ ಎಂಬವರು ೧೯೪೩ರಲ್ಲಿ ಸಣ್ಣ ತೋಟಾಗಳ ಖಾಲಿ ಹಿತ್ತಾಳೆಯನ್ನೇ ಹೊದಿಕೆಯಾಗಿ ಮಾಡಿ ಗುಂಡುಗಳನ್ನು ಒತ್ತುವ ಅಚ್ಚುಗಳನ್ನು ತಯಾರಿಸತೊಡಗಿದರು. ‘ರಾಕ್ ಚಕ್’ ಎಂಬುದು ಬಂಡೆಗಳ ನಡುವೆ ವಾಸಿಸುವ ಒಂದು ದಂಶಕದ ಹೆಸರು. ಆ ಪ್ರಾಣಿಯ ಬೇಟೆಗೆ ಬೇಕಾದ ಗುಂಡೊತ್ತುವ ಅಚ್ಚು ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳೇ ‘ಆರ್‌ಸಿಬಿಎಸ್’ ಸಂಸ್ಥೆಯ ಹೆಸರಾದುವು. ಈ ಸಂಸ್ಥೆಯ ‘ರಾಕ್ ಚಕರ್’ ಯಂತ್ರವು ಒಂದೇ ಅಚ್ಚನ್ನು ಹಿಡಿಯುವ ಒತ್ತುಯಂತ್ರಗಳಿಗೆ ಮಾದರಿಯೆನಿಸಿದೆ. ಅಚ್ಚುಗಳನ್ನು ತಿರುಪಿ ಕೂರಿಸುವ ತೂತಿನ ಅಳತೆ ಈಗ ಬಹುಮಟ್ಟಿಗೆ ಎಲ್ಲ ತಯಾರಕರಲ್ಲಿಯೂ ಒಂದೇ: ವ್ಯಾಸ ಅಂಗುಲದ ಎಂಟರಲ್ಲಿ ಏಳು ಪಾಲು, ಅಂಗುಲಕ್ಕೆ ೧೪ ಮರೆಸುತ್ತು. ಕೊಳ್ಳುವವನಿಗೆ ಇದರಿಂದ ಆದ ಉಪಕಾರ ದೊಡ್ಡದು. ಯಂತ್ರವನ್ನು ಬದಲಾಯಿಸಿದರೂ ಅಚ್ಚುಗಳನ್ನು ಬದಲಾಯಿಸಬೇಕಾಗಿಲ್ಲ.

ಸನ್ನೆಯ ಲೆಕ್ಕ

ಈಗ ಯಂತ್ರದ ಹೃದಯಕ್ಕೆ ಬರೋಣ. ಚೌಕಟ್ಟಿನ ಮೇಲ್ಭಾಗದಲ್ಲಿ ಅಚ್ಚು, ಕೆಳಗಿಂದ ಮೇಲೇರುವ ಉಕ್ಕಿನ ದಂಡ. ದಂಡದ ನೆತ್ತಿಯಲ್ಲಿ ಕೋಶದ ಅಂಚನ್ನು ಹಿಡಿಯುವ ಗಾಳಿ. ಹಿಡಿಕೋಲನ್ನು ಕೆಳಗೆ ಎಳೆದಾಗ ಅದರ ಬುಡದಲ್ಲಿರುವ ಗಿಡ್ಡ ತೋಳು ತಿರುಗಿ, ಒಂದು ಕೊಂಡಿಯ ಮೂಲಕ ದಂಡವನ್ನು ಮೇಲಕ್ಕೆ ತಳ್ಳುವುದು. ನಿದರ್ಶನಕ್ಕಾಗಿ ಹಿಡಿಕೋಲಿನ ಉದ್ದ ೩೦ ಸೆಂಟಿಮೀಟರು, ಗಿಡ್ಡ ತೋಳಿನದು ೫ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ತೋಳು ದಂಡಕ್ಕೆ ಅಡ್ಡಲಾಗಿರುವಾಗ ಲಾಭ ೬ ಪಟ್ಟು. ಕೈಯಿಂದ ೧೦ ಕಿಲೋಗ್ರಾಮಿನಷ್ಟು ಬಲ ಹಾಕಿದರೆ ದಂಡದಲ್ಲಿ ೬೦ ಕಿಲೋಗ್ರಾಮು. ಇದು ಸಾಮಾನ್ಯ ಸನ್ನೆಗೋಲಿನ ಲೆಕ್ಕ. ಆದರೆ ತೋಳು ಮೇಲೇರುತ್ತ ದಂಡದೊಡನೆ ಒಂದೇ ನೇರಕ್ಕೆ ಬರುತ್ತಿದ್ದಂತೆ ಅದರ ತುದಿ ಹೆಚ್ಚಾಗಿ ಪಕ್ಕಕ್ಕೆ ಚಲಿಸುವುದೇ ಹೊರತು ಮೇಲಕ್ಕೆ ಚಲಿಸುವುದು ಅತ್ಯಲ್ಪ. ದೂರ ಕಡಿಮೆಯಾದಷ್ಟೂ ಬಲ ಹೆಚ್ಚಬೇಕು. ಶಕ್ತಿಯ ಲೆಕ್ಕ ತಪ್ಪುವಂತಿಲ್ಲ. ನೇರಕ್ಕೆ ಬರಲು ೧೦ ಡಿಗ್ರಿ ಉಳಿದಿರುವಾಗ ಲಾಭ ಸುಮಾರು ೩೪ ಪಟ್ಟು, ೫ ಡಿಗ್ರಿ ಉಳಿದಾಗ ಸುಮಾರು ೬೯ ಪಟ್ಟು. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅದೇ ೧೦ ಕಿಲೋಗ್ರಾಮಿನ ಎಳೆತ ಈಗ ಹತ್ತಿರ ಹತ್ತಿರ ಏಳು ಕ್ವಿಂಟಾಲಿನ ಒತ್ತು! ಕೋಶವು ಪೂರ್ತಿಯಾಗಿ ಅಚ್ಚಿನೊಳಕ್ಕೆ ಹೊಕ್ಕು, ಅತಿ ದಪ್ಪವಾದ ತಳಭಾಗ ಸಿಕ್ಕಿಕೊಂಡು ಬಲ ಬೇಡುವುದೂ ಇದೇ ಕೊನೆಯ ಗಳಿಗೆಯಲ್ಲಿ. ಬೇಕಾದಾಗ ಬೇಕಾದಷ್ಟು ಬಲ ಒದಗಿಸುವ ಈ ಜೋಡಣೆಯನ್ನು ಮೆಚ್ಚದಿರಲಾಗದು.

ಏಳು ಕ್ವಿಂಟಾಲು ಒತ್ತಿದರೆ ಮೇಜು ಮುರಿಯದೇ ಎಂಬ ಸಂದೇಹ ಬರಬಹುದು. ಆ ಬಲ ಮೇಜಿಗೆ ಇಳಿಯುವುದೇ ಇಲ್ಲ. ದಂಡವು ಅಚ್ಚನ್ನು ಮೇಲಕ್ಕೆ ದೂಡುವುದು, ಅಷ್ಟೇ ಬಲದಿಂದ ಬುಡದ ಕೀಲು ಕೆಳಕ್ಕೆ ದೂಡಲ್ಪಡುವುದು. ಎರಡನ್ನೂ ಹಿಡಿದು ನಿಲ್ಲಿಸುವುದು ಚೌಕಟ್ಟು. ಮೇಜು ತಡೆಯಬೇಕಾದುದು ನಮ್ಮ ಕೈಯ ಎಳೆತವನ್ನೂ ಅದರ ತಿರುಚನ್ನೂ ಮಾತ್ರ. ಆದುದರಿಂದ ಯಂತ್ರದ ಬಲವನ್ನು ಅಳೆಯಬೇಕಾದುದು ಚೌಕಟ್ಟಿನಲ್ಲಿ. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಮುಂದೆ ತೆರೆದ ಚೌಕಟ್ಟುಗಳು ಕೆಲವು, ‘ಓ’ ಅಕ್ಷರದಂತೆ ಸುತ್ತಲೂ ಮುಚ್ಚಿದವು ಕೆಲವು. ತೆರೆದ ಚೌಕಟ್ಟಿನಲ್ಲಿ ಕೈಯಾಡಿಸುವುದು ಸುಲಭ. ಆದರೆ ಬಲ ಬಿದ್ದಾಗ ಅದು ಬಾಯಿ ತೆರೆಯುವ ದವಡೆಯಂತೆ ತುಸು ಅಗಲುವುದು, ಅಚ್ಚು ತುಸು ಓರೆಯಾಗುವುದು. ಮುಚ್ಚಿದ ಚೌಕಟ್ಟಿನಲ್ಲಿ ಎರಡು ಕಡೆಯ ಕಂಬಗಳೂ ಬಲವನ್ನು ಹಂಚಿಕೊಳ್ಳುವುದರಿಂದ ಓರೆಯಾಗುವುದು ಬಹಳ ಕಡಿಮೆ. ಎರಕದ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಎಂಬ ವಾದವೂ ಉಂಟು. ಒಂದೇ ಗಾತ್ರದಲ್ಲಿ ಕಬ್ಬಿಣ ಹೆಚ್ಚು ಬಿಗುವು. ಆದರೆ ಅಲ್ಯೂಮಿನಿಯಮ್ಮನ್ನು ದಪ್ಪವಾಗಿ ಎರೆದರೆ ಪಿಸ್ತೂಲಿನ ತೋಟಾಗಳಿಗೆ ಕೊರತೆಯೇನೂ ಆಗದು.

ಚೌಕಟ್ಟು ಇಷ್ಟು ಬಿಗಿಯಾಗಿರಬೇಕೇ, ಕೂದಲೆಳೆಯಷ್ಟು ಅಗಲಿದರೆ ನಷ್ಟವೇನು, ಎಂದು ಕೇಳಬಹುದು. ರೈಫಲಿನ ಕೋಶಗಳಲ್ಲಿ ಅನೇಕವು ಹೂಜಿಯ ಆಕಾರದವು. ದಪ್ಪ ಒಡಲು, ಸಣ್ಣ ಕೊರಳು, ನಡುವೆ ಇಳಿಜಾರಾದ ಹೆಗಲು. ಈಗಿನ ಬಹುಪಾಲು ರೈಫಲುಗಳಲ್ಲಿ ತೋಟಾ ಗೂಡಿನೊಳಗೆ ನಿಲ್ಲುವುದು ಈ ಹೆಗಲಿನ ಆಸರೆಯಿಂದ. ಅಚ್ಚಿನಲ್ಲಿ ಹೆಗಲನ್ನು ಬೇಕಾದುದಕ್ಕಿಂತ ಹಿಂದಕ್ಕೆ ಒತ್ತಿದರೆ ಕೋಶಕ್ಕೂ ಗೂಡಿಗೂ ನಡುವೆ ಉದ್ದಕ್ಕೆ ಎಡೆ ಉಳಿಯುವುದು. ಹಾರಿಸಿದಾಗ ಕೋಶದ ಮುಂಭಾಗ ಗೋಡೆಗೆ ಅಂಟಿ ನಿಲ್ಲುವುದು, ತಳ ಹಿಂದಕ್ಕೆ ಸರಿಯುವುದು. ಎರಡರ ನಡುವಿನ ಹಿತ್ತಾಳೆ ಹಿಗ್ಗಬೇಕಾಗುವುದು. ಪ್ರತಿ ಸಲ ಹೀಗಾದರೆ ತಳಕ್ಕೆ ಸಮೀಪದಲ್ಲಿ ಒಳಗೊಂದು ತೆಳುವಾದ ಉಂಗುರ ಏರ್ಪಟ್ಟು, ಕೊನೆಗೊಮ್ಮೆ ಕೋಶವು ಎರಡಾಗಿ ಬೇರ್ಪಟ್ಟು, ಬಿಸಿ ಅನಿಲ ಹಾರಿಸುವವನ ಮುಖದ ಕಡೆಗೆ ನುಗ್ಗಬಹುದು. ಆದುದರಿಂದ ಬಲ್ಲವರು ಹೆಗಲನ್ನು ಅಂಗುಲದ ಸಾವಿರದಲ್ಲಿ ಒಂದೆರಡು ಪಾಲಿನಷ್ಟೇ, ಎಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಎರಡೂವರೆಯಿಂದ ಐದು ಪಾಲಿನಷ್ಟೇ, ಹಿಂದಕ್ಕೆ ಸರಿಸುವರು. ಚೌಕಟ್ಟು ಇಂದು ಇಷ್ಟು, ನಾಳೆ ಅಷ್ಟು ಅಗಲುತ್ತಿದ್ದರೆ ಈ ಅಳತೆಯನ್ನು ಕಾಯ್ದುಕೊಳ್ಳುವುದು ಹೇಗೆ?

ಇಲ್ಲಿಯವರೆಗೆ ಹೇಳಿದುದು ಬಲದ ಗುಣ. ಅದರ ಇನ್ನೊಂದು ಮುಖವನ್ನು ಮಾರಾಟದ ಪತ್ರಿಕೆಗಳು ಹೇಳುವುದಿಲ್ಲ. ಸನ್ನೆಯು ಕೈಯ ಬಲವನ್ನು ೬೯ ಪಟ್ಟು ಹೆಚ್ಚಿಸುವುದಾದರೆ, ಅದೇ ಸನ್ನೆ ಕೋಶದಿಂದ ಕೈಗೆ ಹಿಂದಿರುಗುವ ಸಮಾಚಾರವನ್ನು ೬೯ ಪಟ್ಟು ಕುಗ್ಗಿಸುವುದು. ಅಚ್ಚಿನಲ್ಲಿ ಒಂದು ಕಿಲೋಗ್ರಾಮಿನಷ್ಟು ವಿರೋಧ ಹೆಚ್ಚಿದರೆ ಹಿಡಿಕೋಲಿನಲ್ಲಿ ತಿಳಿಯುವುದು ಹದಿನೈದು ಗ್ರಾಮಿಗೂ ಕಡಿಮೆ. ಕೋಶ ಓರೆಯಾಗಿ ನಿಂತು ಬಾಯಿ ಮಡಿಸಿಕೊಂಡರೂ, ಎಣ್ಣೆ ಸವರದ ಕೋಶ ಅಚ್ಚಿನಲ್ಲಿ ಕಚ್ಚಿಕೊಳ್ಳುತ್ತಿದ್ದರೂ, ಕೈಗೆ ಅದರ ಅರಿವಾಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಕೇಪು ಕೂರಿಸುವಾಗ ಈ ದೋಷ ಎದ್ದು ಕಾಣುವುದು. ಕೇಪು ತನ್ನ ಗುಳಿಯಲ್ಲಿ ತಳಮುಟ್ಟಿ ಕೂತು, ಕೋಶದ ತಳಕ್ಕಿಂತ ಒಂದು ಎಳೆಯಷ್ಟು ಒಳಗಿರಬೇಕು. ಮೇಲೆದ್ದಿದ್ದರೆ ರಿವಾಲ್ವರಿನ ತಿರುಗಣೆ ಸಿಕ್ಕಿಕೊಳ್ಳಬಹುದು. ಇಲ್ಲವೆ ಕುದುರೆಯ ಏಟೆಲ್ಲ ಕೇಪನ್ನು ಒಳತಳ್ಳುವುದಕ್ಕೇ ವ್ಯಯವಾಗಿ ಈಡು ಹಾರದೆ ಹೋಗಬಹುದು. ಅದು ತಳಮುಟ್ಟಿದ ಗಳಿಗೆಯನ್ನು ಬೆರಳು ಬಲ್ಲುದು, ದೊಡ್ಡ ಸನ್ನೆ ಅರಿಯದು. ಆದುದರಿಂದಲೇ ಭಾರಿ ಯಂತ್ರವಿದ್ದವರು ಕೂಡ ಕೇಪು ಕೂರಿಸಲು ಅಂಗೈಯಲ್ಲಿ ಹಿಡಿಯುವ ಪುಟ್ಟ ಸಾಧನವೊಂದನ್ನು ಬೇರೆಯಾಗಿ ಇಟ್ಟುಕೊಳ್ಳುವುದುಂಟು. ಈ ಪದ್ಧತಿಯನ್ನು ನಾವು ಮೆಚ್ಚುತ್ತೇವೆ.

ಒಂದೊಂದಾಗಿ, ಒಟ್ಟಾಗಿ

ಒಂದೇ ಅಚ್ಚಿನ ಯಂತ್ರದಲ್ಲಿ ಕೆಲಸ ಸಾಗುವುದು ತಂಡತಂಡವಾಗಿ. ಐವತ್ತು ಕೋಶಗಳನ್ನು ಮೊದಲು ಹಿಸುಕುವುದು, ಅಚ್ಚು ಬದಲಾಯಿಸಿ ಐವತ್ತರ ಬಾಯಿಯನ್ನೂ ಸರಿಪಡಿಸುವುದು, ಕೇಪು ಕೂರಿಸುವುದು, ಸಾಲು ಸಾಲಾಗಿ ಗುಳಿ ಕೊರೆದ ಮರದ ಹಲಗೆಯಲ್ಲಿ ಐವತ್ತನ್ನೂ ನಿಲ್ಲಿಸಿ ಮದ್ದು ಅಳೆದು ಹಾಕುವುದು, ಕೊನೆಗೆ ಗುಂಡು ಕೂರಿಸುವುದು. ಗಂಟೆಗೆ ಐವತ್ತರಿಂದ ನೂರು ತೋಟಾ ಆದರೆ ಬಹಳವಾಯಿತು. ಎರಡನೆಯ ಬಗೆಯಲ್ಲಿ ಅಚ್ಚುಗಳನ್ನೆಲ್ಲ ಒಂದು ತಿರುಗುವ ತಲೆಯಲ್ಲಿ ಕೂರಿಸಿರುವುದರಿಂದ ಬಿಚ್ಚಿ ಕಟ್ಟುವ ಶ್ರಮ ತಪ್ಪುವುದು; ಉಳಿದಂತೆ ಅದು ಮೊದಲನೆಯದರ ತಮ್ಮನೇ. ತಿರುಗುವ ತಲೆ ತುಸು ಅಲುಗಾಡುವುದೆಂಬ ಆಕ್ಷೇಪವಿದೆ. ಪಿಸ್ತೂಲಿನ ಕೆಲಸಕ್ಕೆ ಅದು ದೊಡ್ಡದಲ್ಲ.

ಮೂರನೆಯದು ನಿಜವಾಗಿ ಬೇರೆ ಜಾತಿ. ಸ್ಯಾನ್ ಡಿಯಾಗೋದ ‘ಸ್ಟಾರ್’ ಯಂತ್ರ ೧೯೩೦ರ ದಶಕದಲ್ಲಿಯೇ ಈ ಬಗೆಯದಾಗಿದ್ದರೂ ಇದು ಸಾಮಾನ್ಯ ಹವ್ಯಾಸಿಗಳ ಮನೆಗೆ ಹೊಕ್ಕುದು ೧೯೭೦ರ ದಶಕದ ಕೊನೆಯಿಂದೀಚೆಗೆ, ಅರಿಜೋನಾದ ಮೈಕ್ ಡಿಲನ್ ಎಂಬವರ ಯಂತ್ರಗಳಿಂದ. ಇದರಲ್ಲಿ ದಂಡದ ನೆತ್ತಿಯ ಮೇಲೆ ಒಂದು ತಿರುಗುವ ತಟ್ಟೆ. ಅದರ ಸುತ್ತ ನಾಲ್ಕೋ ಐದೋ ಕೋಶಗಳು, ಮೇಲೆ ಅಷ್ಟೇ ಅಚ್ಚುಗಳು. ಹಿಡಿಕೋಲನ್ನು ಒಮ್ಮೆ ಎಳೆದರೆ ಒಂದು ಕೋಶ ಹಿಸುಕಿಸಿಕೊಳ್ಳುವುದು, ಮುಂದಿನದಕ್ಕೆ ಮದ್ದು ಬೀಳುವುದು, ಅದರ ಮುಂದಿನದಕ್ಕೆ ಗುಂಡು ಕೂರುವುದು, ಕೊನೆಯದರ ಬಾಯಿ ಬಿಗಿಯುವುದು. ಹೊಸ ಕೇಪು ಕೂರುವುದು ಅದೇ ಎಳೆತದ ಮರುಹೆಜ್ಜೆಯಲ್ಲಿ. ತಟ್ಟೆ ಒಂದು ಮನೆ ಮುಂದೆ ತಿರುಗುವುದು. ಪ್ರತಿ ಎಳೆತಕ್ಕೆ ಒಂದು ಸಿದ್ಧ ತೋಟಾ ಬುಟ್ಟಿಗೆ ಬೀಳುವುದು. ಗಂಟೆಗೆ ನಾನೂರು ಐನೂರು ತೋಟಾಗಳು ಕಷ್ಟವಲ್ಲ.

ಎಳೆತವೊಂದಕ್ಕೆ ನಾಲ್ಕೈದು ಕಾರ್ಯಗಳು, ಅವನ್ನು ನೋಡಿಕೊಳ್ಳಲು ಒಂದೇ ಜೊತೆ ಕಣ್ಣು. ಇಲ್ಲಿಯೇ ಅಪಾಯ ತಲೆಹಾಕುವುದು. ಉದಾಹರಣೆಗೆ ‘.೩೮ ಸ್ಪೆಷಲ್’ ಎಂಬ ರಿವಾಲ್ವರಿನ ತೋಟಾವನ್ನು ನೋಡಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದು ಹುಟ್ಟಿದುದು ಕಪ್ಪು ಮದ್ದಿಗಾಗಿ. ಆ ಮದ್ದಿಗೆ ಸ್ಥಳ ಹೆಚ್ಚು ಬೇಕಾದುದರಿಂದ ಕೋಶ ಉದ್ದವಾಗಿತ್ತು. ಈಗಿನ ಹೊಗೆಯಿಲ್ಲದ ಮದ್ದು ಬಹಳ ತೀಕ್ಷ್ಣ; ಗುರಿಯಾಟದ ಹಗುರ ತೋಟಾಕ್ಕೆ ಕಾಲು ಗ್ರಾಮಿಗೂ ಕಡಿಮೆ ಸಾಕು. ಹಳೆಯ ಉದ್ದದ ಕೋಶದಲ್ಲಿ ಅದು ಮಡಕೆಯ ತಳದಲ್ಲಿ ಹಿಡಿ ಅಕ್ಕಿಯಿದ್ದಂತೆ. ತಪ್ಪಿ ಎರಡು ಅಳತೆ ಬಿದ್ದರೂ ತುಳುಕುವುದಿಲ್ಲ, ಗುಂಡು ಎಂದಿನಂತೆಯೇ ಕೂರುವುದು, ಹೊರಗಿನಿಂದ ನೋಡಿದರೆ ಭೇದವಿಲ್ಲ. ಈ ತೋಟಾಕ್ಕೆ ಗೊತ್ತುಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ ೧೭,೦೦೦ ಪೌಂಡು ಮಾತ್ರ. ಮುಚ್ಚಿದ ಸ್ಥಳದಲ್ಲಿ ಮದ್ದು ಇಮ್ಮಡಿಯಾದರೆ ಒತ್ತಡ ಇಮ್ಮಡಿಗೆ ನಿಲ್ಲುವುದಿಲ್ಲ; ಒತ್ತಡ ಹೆಚ್ಚಿದಷ್ಟೂ ಮದ್ದು ಬೇಗ ಉರಿಯುವುದು, ಬೇಗ ಉರಿದಷ್ಟೂ ಒತ್ತಡ ಏರುವುದು. ಉಕ್ಕಿನ ತಿರುಗಣೆ ಬಿರಿದು ಚೂರಾದುದಕ್ಕೆ ಹೀಗೆ ಇಮ್ಮಡಿ ಬಿದ್ದ ಮದ್ದು ಕಾರಣವಾದ ಸಂದರ್ಭಗಳುಂಟು. ಬೆರಳೂ ಕಣ್ಣೂ ಪಣವಾಗಿರುವ ಆಟ ಇದು.

ಇದರ ತಮ್ಮನಂತಹ ಇನ್ನೊಂದು ಕೆಡುಕು, ಮದ್ದೇ ಬೀಳದಿರುವುದು. ಕೇಪೊಂದರ ಬಲವೇ ಗುಂಡನ್ನು ನಳಿಗೆಯೊಳಕ್ಕೆ ನೂಕಿ ಅಲ್ಲಿಯೇ ಸಿಕ್ಕಿಸಬಲ್ಲುದು. ಸದ್ದು ಸಪ್ಪೆಯಾಗಿ ಕೇಳಿಸಿದುದನ್ನು ಗಮನಿಸದೆ ಮತ್ತೊಂದು ಈಡು ಹಾರಿಸಿದರೆ ಮುಚ್ಚಿದ ನಳಿಗೆ ಉಬ್ಬುವುದು, ಇಲ್ಲವೆ ಸೀಳುವುದು.

ಒಂದೇ ಅಚ್ಚಿನ ಯಂತ್ರದವನು ಗುಂಡು ಕೂರಿಸುವ ಮುನ್ನ ದೀಪವನ್ನು ಹಲಗೆಯ ಮೇಲೆ ಹಿಡಿದು ಐವತ್ತು ಕೋಶಗಳ ಒಳಗನ್ನೂ ಒಂದೇ ನೋಟದಲ್ಲಿ ಹೋಲಿಸುವನು. ನಲವತ್ತೊಂಬತ್ತರ ನಡುವೆ ಹೆಚ್ಚಾದ ಒಂದು, ಕಡಿಮೆಯಾದ ಒಂದು, ಕೂಡಲೆ ಕಣ್ಣಿಗೆ ಹೊಡೆಯುವುದು. ನಿಧಾನವೆಂದು ದೂರುವ ಆ ಪದ್ಧತಿಯ ನಿಜವಾದ ಲಾಭ ಈ ಹೋಲಿಕೆ. ಒಟ್ಟಾಗಿ ನಡೆಯುವ ಯಂತ್ರದಲ್ಲಿ ಕೋಶವು ಕಣ್ಣ ಮುಂದೆ ಒಂದು ಕ್ಷಣ ನಿಂತು ಮುಂದೆ ಸಾಗುವುದು. ಪಕ್ಕಕ್ಕಿಟ್ಟು ಹೋಲಿಸಲು ಇನ್ನೊಂದಿಲ್ಲ. ಈ ಬಗೆಯಲ್ಲಿಯೂ ಎರಡು ಒಳಭೇದಗಳನ್ನು ತಿಳಿದಿರಬೇಕು. ಡಿಲನ್ ಸಂಸ್ಥೆಯದೇ ‘೫೫೦’ ಯಂತ್ರದಲ್ಲಿ ತಟ್ಟೆಯನ್ನು ಕೈಯಿಂದ ತಿರುಗಿಸಬೇಕು. ‘೭೫೦’ ಯಂತ್ರದಲ್ಲಿ ಅದು ತಾನೇ ತಿರುಗುವುದು. ಮೊದಲನೆಯದರಲ್ಲಿ ತಿರುಗಿಸಲು ಮರೆತು ಮತ್ತೊಮ್ಮೆ ಎಳೆದರೆ ಅದೇ ಕೋಶಕ್ಕೆ ಇಮ್ಮಡಿ ಮದ್ದು. ಎರಡನೆಯದರಲ್ಲಿ ಆ ಮರೆವಿಗೆ ಎಡೆಯಿಲ್ಲ. ಆದರೆ ನಡುವೆ ಏನಾದರೂ ಸಿಕ್ಕಿಕೊಂಡು, ಹಿಡಿಕೋಲನ್ನು ಹಿಂದೆ ಮುಂದೆ ಆಡಿಸಿ, ಕೋಶಗಳನ್ನು ತೆಗೆದು ಮತ್ತೆ ಇಡಬೇಕಾದಾಗ ಯಾವುದಕ್ಕೆ ಮದ್ದು ಬಿದ್ದಿತ್ತೆಂಬ ಗೊಂದಲ ಹುಟ್ಟುವುದು. ಹಾಗೆ ನಿಂತುಹೋದಾಗಲೆಲ್ಲ ತಟ್ಟೆಯ ಮೇಲಿನ ಕೋಶಗಳ ಮದ್ದನ್ನೆಲ್ಲ ಸುರಿದು ಹೊಸದಾಗಿ ಆರಂಭಿಸುವುದೇ ಸರಿಯಾದ ಕ್ರಮ. ಐದು ಮನೆಯ ಯಂತ್ರಗಳಲ್ಲಿ ಒಂದು ಮನೆಯನ್ನು ಮದ್ದಿನ ಎತ್ತರ ಪರೀಕ್ಷಿಸುವ ಕಡ್ಡಿಗೆ ಮೀಸಲಿಡಬಹುದು. ಎತ್ತರ ಹೆಚ್ಚು ಕಡಿಮೆಯಾದರೆ ಅದು ಸದ್ದು ಮಾಡುವುದು. ಇದಕ್ಕಿಂತ ನಮಗೆ ಹಿಡಿಸಿದ ಉಪಾಯ ಬಹು ಸರಳವಾದುದು: ಒಂದೇ ಅಳತೆಗೆ ಕೋಶದ ಅರ್ಧಕ್ಕಿಂತ ಹೆಚ್ಚು ತುಂಬುವಂತಹ ಹಗುರ, ಉಬ್ಬರದ ಮದ್ದನ್ನು ಆರಿಸಿಕೊಂಡರೆ ಎರಡನೆಯ ಅಳತೆ ಬಿದ್ದೊಡನೆ ಅದು ತುಳುಕಿ ಮೇಜಿನ ಮೇಲೆ ಚೆಲ್ಲಿ ತಾನೇ ಸಾರುವುದು.

ಕೇಪುಗಳ ವಿಷಯವಾಗಿಯೂ ಒಂದು ಮಾತು. ಇಂತಹ ಯಂತ್ರಗಳಲ್ಲಿ ಕೇಪುಗಳನ್ನು ಸಾಮಾನ್ಯವಾಗಿ ನೂರರಂತೆ ಒಂದರ ಮೇಲೊಂದು ಕೊಳವೆಯಲ್ಲಿ ತುಂಬಿರುವರು. ಒಂದು ಸಿಡಿದರೆ ನೂರೂ ಸಿಡಿಯಬಹುದು. ಸುತ್ತಲೂ ದಪ್ಪ ಉಕ್ಕಿನ ರಕ್ಷೆಯಿಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು; ಕನ್ನಡಕವಿಲ್ಲದೆ ಯಾವ ಯಂತ್ರದ ಮುಂದೆಯೂ ಕೂರಬಾರದು.

ಹೀಗಿರಲು ಯಾರಿಗೆ ಯಾವುದು ತಕ್ಕುದು? ವರ್ಷಕ್ಕೆ ನಲವತ್ತು ಐವತ್ತು ಈಡು ಹಾರಿಸುವ ಬೇಟೆಗಾರನಿಗೂ, ನೂರಾರು ಗಜ ದೂರದ ಗುರಿಯಲ್ಲ�ಿ ಅಂಗುಲದ ಲೆಕ್ಕವಿಡುವವನಿಗೂ ಮುಚ್ಚಿದ ಚೌಕಟ್ಟಿನ, ಒಂದೇ ಅಚ್ಚಿನ ಯಂತ್ರವೇ ಸರಿ. ಪಿಸ್ತೂಲಿನ ಪಂದ್ಯಗಳಿಗೆಂದು ತಿಂಗಳಿಗೆ ಸಾವಿರ ಈಡು ಹಾರಿಸುವವನಿಗೆ ಅದನ್ನು ಹೇಳಿದರೆ ಅವನು ನಗುವನು. ಅವನಿಗೆ ಒಟ್ಟಾಗಿ ನಡೆಯುವ ಯಂತ್ರ ಅನಿವಾರ್ಯ. ಆದರೆ ಅವನು ಕೂಡ ಮೊದಲ ವರ್ಷವನ್ನು ಒಂದೇ ಅಚ್ಚಿನ ಯಂತ್ರದಲ್ಲಿ ಕಳೆಯುವುದು ಮೇಲು. ಪ್ರತಿಯೊಂದು ಹಂತ ಸರಿಯಾಗಿ ನಡೆದಾಗ ಕೈಗೆ ಹೇಗೆ ತಿಳಿಯುವುದೆಂಬುದನ್ನು ಬೇರೆ ಬೇರೆಯಾಗಿ ಕಲಿಯದವನು ಐದನ್ನೂ ಒಂದೇ ಎಳೆತದಲ್ಲಿ ಬೆರೆಸಿದಾಗ ಏನನ್ನು ಗುರುತಿಸಿಯಾನು? ಹಣ ಉಳಿಯುವುದೆಂಬ ಆಸೆಯಿಂದ ಕೊಳ್ಳುವವರಿಗೆ ಹಳಬರು ಹೇಳುವ ಮಾತು ಬೇರೆ: ಒಂದು ತೋಟಾದ ಬೆಲೆ ಇಳಿಯುವುದು ನಿಜ, ಹಾರಿಸುವ ತೋಟಾಗಳ ಸಂಖ್ಯೆ ಏರುವುದೂ ಅಷ್ಟೇ ನಿಜ.

ಹಿತ್ತಾಳೆಯ ಆಯುಸ್ಸು

ಯಂತ್ರ ಯಾವುದೇ ಆಗಲಿ, ಹಿತ್ತಾಳೆ ಎಷ್ಟು ಸಲ ಮಣಿದೀತು? ಹಿತ್ತಾಳೆಯ ಪಾತ್ರೆ ಬಡಿಯುವ ಕಂಚುಗಾರನಿಗೆ ಉತ್ತರ ಗೊತ್ತು. ಬಡಿದಷ್ಟೂ ಲೋಹ ಪೆಡಸಾಗುವುದರಿಂದ ಅವನು ನಡುನಡುವೆ ಅದನ್ನು ಕಾಯಿಸಿ ಹದಗೊಳಿಸುವನು. ಇಲ್ಲದಿದ್ದರೆ ಬಿರುಕು ಬಿಡುವುದು. ಕೋಶವೂ ಹಾಗೆಯೇ. ಪ್ರತಿ ಸಲ ಹಿಗ್ಗಿ ಕುಗ್ಗಿ ಅದರ ಕೊರಳು ಪೆಡಸಾಗುವುದು. ಆದುದರಿಂದ ಕೆಲವರು ನಾಲ್ಕಾರು ಸಲಕ್ಕೊಮ್ಮೆ ಕೊರಳನ್ನು ಮಾತ್ರ ಕಾಯಿಸಿ ಮೆದುಗೊಳಿಸುವರು. ತಳಕ್ಕೆ ಶಾಖ ತಾಗಬಾರದು. ಒತ್ತಡವನ್ನು ತಡೆಯಬೇಕಾದ ತಳ ಮೆತ್ತಗಾದರೆ ಕೋಶವನ್ನು ಎಸೆಯುವುದೊಂದೇ ದಾರಿ.

ಒಳಗೆ ಹುದುಗಿದ ಬಿಗುವು ಏನು ಮಾಡಬಲ್ಲುದೆಂಬುದಕ್ಕೆ ಪ್ರಸಿದ್ಧ ಸಾಕ್ಷಿ ದೊರೆತುದು ನಮ್ಮ ದೇಶದಲ್ಲಿಯೇ. ಬ್ರಿಟಿಷರ ಆಳ್ವಿಕೆಯಲ್ಲಿ ಮಳೆಗಾಲ ಬಂದಾಗ ಸೈನ್ಯದ ತೋಟಾಗಳನ್ನು ಕುದುರೆ ಲಾಯಗಳಲ್ಲಿ ತೆಗೆದಿರಿಸುತ್ತಿದ್ದರು. ಮಳೆ ಕಳೆದು ನೋಡಿದರೆ ಯಾರೂ ಮುಟ್ಟದ ಕೋಶಗಳು ತಾವಾಗಿಯೇ ಬಿರಿದಿರುತ್ತಿದ್ದುವು. ಋತುವಿನೊಡನೆ ಬರುವ ರೋಗವೆಂದು ಇದಕ್ಕೆ ‘ಋತುಬಿರುಕು’ ಎಂಬರ್ಥದ ಹೆಸರೇ ಬಿದ್ದಿತು. ೧೯೨೧ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ವಿಜ್ಞಾನಿಗಳು ಕಾರಣವನ್ನು ವಿವರಿಸಿದರು: ಕುದುರೆಗಳ ಮೂತ್ರದಿಂದೇಳುವ ಅಮೋನಿಯ, ತಯಾರಿಕೆಯಲ್ಲಿ ಎಳೆಸಿಕೊಂಡು ಒಳಗೆ ಬಿಗಿದುಕೊಂಡ ಹಿತ್ತಾಳೆಯನ್ನು ಹರಳುಗಳ ಸಂದಿನಲ್ಲಿ ಕೊರೆಯುತ್ತಿತ್ತು. ಕೋಶಗಳನ್ನು ಹದವಾಗಿ ಕಾಯಿಸಿ ಬಿಗುವನ್ನು ಕಳೆದರೆ ಬಿರುಕು ನಿಲ್ಲುವುದು. ಅಮೋನಿಯ ಬೆರೆತ ಹೊಳಪುದ್ರವಗಳಿಂದ ಕೋಶಗಳನ್ನು ತಿಕ್ಕಬಾರದೆಂದು ಇಂದಿಗೂ ಹೇಳುವುದು ಇದರಿಂದಲೇ. ಕೋಶಗಳನ್ನು ಶುಚಿಗೊಳಿಸುವಾಗ ಏಳುವ ಧೂಳಿನಲ್ಲಿ ಕೇಪಿನ ಸೀಸವಿರುವುದು. ಅಡಿಗೆಮನೆಯಲ್ಲಿ, ಮಕ್ಕಳು ಓಡಾಡುವೆಡೆಯಲ್ಲಿ ಆ ಕೆಲಸ ಸಲ್ಲದು.

ಕೊನೆಯದಾಗಿ, ಹಳೆಯ ಯಂತ್ರಗಳ ವಿಚಾರ. ಒಳ್ಳೆಯ ಎರಕದ ಒತ್ತುಯಂತ್ರಗಳು ತಂದೆಯಿಂದ ಮಗನಿಗೆ ಬರುವಷ್ಟು ಬಾಳುವುದರಿಂದ ಅಮೆರಿಕದಲ್ಲಿ ಬಳಸಿದವುಗಳ ಮಾರಾಟ ಹೆಚ್ಚು. ಇವುಗಳಲ್ಲಿ ಬಣ್ಣ ನೋಡಬಾರದು, ತುಕ್ಕನ್ನೂ ಹೆಚ್ಚು ಲೆಕ್ಕಿಸಬೇಕಾಗಿಲ್ಲ. ದಂಡವನ್ನು ಪೂರ್ತಿ ಮೇಲೇರಿಸಿ ನೆತ್ತಿಯನ್ನು ಬೆರಳುಗಳಿಂದ ಹಿಡಿದು ಅತ್ತಿತ್ತ ಅಲುಗಿಸಿ ನೋಡಬೇಕು. ಹಳೆಯ ಕೇಪುಗಳಿಂದ ಉದುರುವ ಕರಿಯ ಪುಡಿ ಗಾಜಿನ ಚೂರುಗಳಂತೆ ಒರಟಾದುದು. ಅದನ್ನು ಒರಸದೆ ವರ್ಷಗಟ್ಟಲೆ ನಡೆಸಿದ ಯಂತ್ರದ ದಂಡ ತನ್ನ ರಂಧ್ರದಲ್ಲಿ ಸವೆದು ಸಡಿಲವಾಗಿರುವುದು. ದಂಡ ಅಲುಗಿದರೆ, ಹೊರಗೆ ಎಷ್ಟೇ ಹೊಳಪಿದ್ದರೂ, ಆ ಯಂತ್ರವನ್ನು ಅಲ್ಲಿಯೇ ಬಿಟ್ಟುಬರಬೇಕು.